ಯಂತ್ರಕ್ಕೆ ಗೊತ್ತಿದ್ದವಳು

ಮಂಗಳವಾರ ಬೆಳಿಗ್ಗೆ ಒಂಬತ್ತೂವರೆಯಿಂದ ಲಕ್ಷಿತ್ ಆ ಸಾಫ್ಟ್‌ವೇರನ್ನು ಕೂರಿಸಲು ಮೂರು ಸಲ ಮೊದಲಿನಿಂದ ಶುರುಮಾಡಿದ್ದ. ಮೂರು ಸಲವೂ ಅದು ಅರವತ್ತಮೂರು ಪರ್ಸೆಂಟಿಗೆ ಬಂದು ನಿಂತುಬಿಟ್ಟಿತ್ತು. ಪರದೆಯ ಮೇಲೆ ಬಿಳಿ ಸಾಲುಗಳು ಸರಸರನೆ ಮೇಲೇರುತ್ತ ಹೋಗಿ, ಇನ್ನೇನು ಆಯಿತು ಅನ್ನುವಾಗ ಕೆಂಪಗಾಗಿ, ಬೇಕಾದ್ದು ಸಿಗಲಿಲ್ಲ ಎಂದು ಹೇಳಿ ತಣ್ಣಗಾಗುತ್ತಿದ್ದವು. ಏನು ಬೇಕಪ್ಪ ನಿನಗೆ ಎಂದು ಹುಡುಕಿಕೊಂಡು ಹೋದರೆ ಅದಕ್ಕೆ ಇನ್ನೊಂದು ಬೇಕು, ಆ ಇನ್ನೊಂದಕ್ಕೆ ಆರು ವರ್ಷದ ಹಿಂದಿನ ಆವೃತ್ತಿಯೇ ಆಗಬೇಕು, ಹಿಂದಿನದನ್ನು ತಂದು ಹಾಕಿದರೆ ಈಗಿನದು ಮುನಿಸಿಕೊಂಡು ಕೂರುತ್ತದೆ. ಇದನ್ನು ಬರೆದ ಪುಣ್ಯಾತ್ಮರು ಎಲ್ಲೋ ಕುಳಿತು, ಹೀಗೆ ಹೀಗೆ ಮಾಡಿ ಎಂದು ಒಂದು ಪುಟ ಬರೆದಿಟ್ಟು ಬೇರೆ ಕೆಲಸಕ್ಕೆ ಹೋಗಿಬಿಟ್ಟಿದ್ದರು. ಆ ಪುಟದ ಅಡಿಯಲ್ಲಿ ಇವನ ಹಾಗೆಯೇ ಸಿಕ್ಕಿಬಿದ್ದವರ ಪ್ರಶ್ನೆಗಳಿದ್ದವು, ಉತ್ತರಗಳಿರಲಿಲ್ಲ. ಇವತ್ತು ನಾಲ್ಕು ಗಂಟೆಯೊಳಗೆ ಇದು ಆಗಲೇಬೇಕಿತ್ತು. ಆಗಿಬಿಟ್ಟರೆ ಕಷ್ಟ. ಆಗದಿದ್ದರೆ ಇನ್ನೂ ಕಷ್ಟ. ನಾಲ್ಕನೆಯ ಸಲ ಎಂಟರ್ ಒತ್ತಿ, ಅಂಗೈಯ ಬೆವರನ್ನು ಪ್ಯಾಂಟಿಗೆ ಒರೆಸಿಕೊಂಡ.

‘ಅನುಚರ’ ಎಂಬ ಈ ಕಂಪೆನಿ ಇದ್ದದ್ದು ಮಣಿಪಾಲದ ಒಂದು ಹಳೆಯ ಕಟ್ಟಡದ ಮೂರನೆಯ ಮಾಳಿಗೆಯಲ್ಲಿ. ಹಾಸಿಗೆ ಹಿಡಿದವರಿಗೆ ನೀರು, ಮಾತ್ರೆ, ಕನ್ನಡಕ ತಂದುಕೊಡುವ ಒಂದು ರೋಬೋಟನ್ನು ಎರಡು ವರ್ಷದಿಂದ ಇಲ್ಲಿ ತಿದ್ದುತ್ತ ಕೂತಿದ್ದರು. ಕಾಗದಪತ್ರದಲ್ಲಿ ಅದಕ್ಕೆ ದೊಡ್ಡ ಹೆಸರಿತ್ತು. ಆಫೀಸಿನಲ್ಲಿ ಎಲ್ಲರೂ ಕರೆಯುವುದು ಮಾಣಿ ಎಂದು, ಹೋಟೆಲಿನಲ್ಲಿ ನೀರು ತರುವವನನ್ನು ಕರೆದ ಹಾಗೆ. ಮಾಣಿಗೆ ಎರಡು ಕೈ, ತಲೆಯ ಜಾಗದಲ್ಲಿ ಎರಡು ಕ್ಯಾಮೆರಾ, ಕಾಲಿನ ಬದಲು ಚಕ್ರ. ಲಕ್ಷಿತನ ಪಾಲಿಗೆ ಬಂದದ್ದು ಅದರ ತಿಳಿವಳಿಕೆ. ಲೋಟ ಎಂದರೇನು, ಅದನ್ನು ಎಲ್ಲಿ ಹಿಡಿಯಬೇಕು, ಬಿಸಿಯಿದ್ದರೆ ಏನು ಮಾಡಬೇಕು, ಯಾರು ಯಾವಾಗ ಏನನ್ನು ಮುಟ್ಟಿದರು, ಎಲ್ಲಿಟ್ಟರು, ಇವನ್ನೆಲ್ಲ ಒಂದೊಂದು ಸಾಲಾಗಿ ಬರೆದಿಟ್ಟುಕೊಂಡು, ಕೇಳಿದಾಗ ಹುಡುಕಿ ಕೂಡಿಸಿ ಉತ್ತರ ಹೇಳುವ ಸಾಫ್ಟ್‌ವೇರನ್ನು ಅದರೊಳಗೆ ಕೂರಿಸುವುದು ಅವನ ಕೆಲಸ. ಕಾಪುವಿನಲ್ಲಿ ಅಮ್ಮ ರತ್ನಾವತಿ, ಮೀನಿನ ಬುಟ್ಟಿಯ ಮುಂದೆ ಕುಳಿತು, ಮಗ ಏನು ಮಾಡುತ್ತಾನೆ ಎಂದು ಯಾರಾದರೂ ಕೇಳಿದರೆ ಮಿಷನ್ನಿಗೆ ಬುದ್ಧಿ ಹೇಳುತ್ತಾನೆ ಎನ್ನುತ್ತಿದ್ದರು. ಅದನ್ನು ಕೇಳಿ ಅವನಿಗೆ ನಗು ಬರುತ್ತಿತ್ತು, ಕಳೆದ ಶುಕ್ರವಾರದವರೆಗೆ. ಶುಕ್ರವಾರ ಹತ್ತು ಗಂಟೆಗೆ ಮಾಣಿಯನ್ನು ಚಾಲೂ ಮಾಡಿದಾಗ ಬಲಗೈಯ ನಡುಬೆರಳು ಮಡಚಲೇ ಇಲ್ಲ. ಒಳಗಿನ ಹಲ್ಲುಚಕ್ರ ಮುರಿದಿತ್ತು. ಹೊಸದು ಹೊರದೇಶದಿಂದ ಬರಬೇಕಾದರೆ ಮೂರು ತಿಂಗಳು. ಅಂದು ಎಲ್ಲರಿಗಿಂತ ಮೊದಲು, ಎಂಟು ಗಂಟೆಗೆ ಬಂದು ಮಾಣಿಯ ಮೈ ಒರೆಸಿದವಳು ಗುಡಿಸುವ ಭಾಗವ್ವ. ಅಷ್ಟೇ ಸಾಕಾಯಿತು.

ಈಗ ಆ ಭಾಗವ್ವ ಗಾಜಿನ ಬಾಗಿಲಿನ ಆಚೆ ಪ್ಲಾಸ್ಟಿಕ್ ಸ್ಟೂಲಿನ ಮೇಲೆ ಕುಳಿತಿದ್ದಳು. ಇವತ್ತು ಪೊರಕೆ ಮುಟ್ಟುವುದು ಬೇಡ, ಸಂಜೆ ತೀರ್ಮಾನ ಆಗಲಿ ಎಂದು ಆಫೀಸು ನೋಡಿಕೊಳ್ಳುವ ವಾರಿಜಾ ಮೇಡಂ ಹೇಳಿದ್ದರಿಂದ ಕೈಗೆ ಕೆಲಸವಿಲ್ಲದೆ, ಸೆರಗಿನ ತುದಿಯನ್ನು ಸುತ್ತುವುದು ಬಿಚ್ಚುವುದು ಮಾಡುತ್ತಿದ್ದಳು. ಬಾದಾಮಿಯ ಕಡೆಯಿಂದ ಬಂದು ನಾಲ್ಕು ವರ್ಷ ಕಟ್ಟಡದ ಕೆಲಸದಲ್ಲಿ ಸಿಮೆಂಟು ಹೊತ್ತು, ಸೊಂಟ ಹೋಗಿ, ಯಾರ ಯಾರದೋ ಕೈಕಾಲು ಹಿಡಿದು ಈ ನೆರಳಿನ ಕೆಲಸಕ್ಕೆ ಸೇರಿದವಳು. ಮಗಳು ಶಿಲ್ಪಾ ಹತ್ತಿರದ ಸರಕಾರಿ ಶಾಲೆಯಲ್ಲಿ ಹತ್ತನೆಯ ತರಗತಿ, ಮಾರ್ಚಿನಲ್ಲಿ ಪರೀಕ್ಷೆ. ತಪ್ಪು ಇವಳದೆಂದಾದರೆ ಕಂತ್ರಾಟಿನವರು ಇವಳನ್ನು ಬೆಳ್ಮಣ್ಣಿನ ಹತ್ತಿರ ಏಳುತ್ತಿರುವ ಕಟ್ಟಡಕ್ಕೆ ಹಾಕುತ್ತಾರೆ. ಅಲ್ಲಿ ಮತ್ತೆ ಬುಟ್ಟಿ, ಮತ್ತೆ ಶೆಡ್ಡು, ಮಗಳ ಶಾಲೆ ಅಲ್ಲಿಗೆ ಮುಗಿಯಿತು. ಶನಿವಾರ ಎಲ್ಲರೂ ಸುತ್ತ ನಿಂತು ಕೇಳಿದಾಗ ಭಾಗವ್ವ ಅಳಲಿಲ್ಲ, ಸಿಟ್ಟಾದಳು. “ನನ್ನ ಯಾಕ ಕೇಳ್ತೀರಿ? ಅದನ್ನ ಕೇಳ್ರಲಾ. ಹಗಲಿ ರಾತ್ರಿ ಕಣ್ಣ ಬಿಟ್ಟಕೊಂಡ ನಿಂತಿರತೈತಿ. ನಾ ಮುರದೇನಂದ್ರ ಹೇಳತೈತಿ, ಇಲ್ಲಂದ್ರ ಇಲ್ಲ ಅಂತೈತಿ” ಎಂದಳು. ಆ ಮಾತಿಗೆ ಯಜಮಾನರಾದ ಅಲೆಕ್ಸಾಂಡರ್ ಸರ್ ಎಷ್ಟು ಖುಷಿಪಟ್ಟರೆಂದರೆ, ಬೆರಳು ಮುರಿದದ್ದೂ ಒಂದು ಕ್ಷಣ ಮರೆತುಹೋಯಿತು ಅವರಿಗೆ. ಮಾಣಿ ಸಾಕ್ಷಿ ಹೇಳುತ್ತದೆ! ಆದರೆ ಅದೇ ಶನಿವಾರ ಕೈಯನ್ನು ಪರೀಕ್ಷಿಸಲು ಬಂದವನು ಮಾಣಿಯ ಕಂಪ್ಯೂಟರಿನಲ್ಲಿ ಏನೇನೋ ಹೊಸದು ಹಾಕಿ ಹೋಗಿದ್ದ. ಅದರಿಂದ ತಿಳಿವಳಿಕೆಯ ಸಾಫ್ಟ್‌ವೇರು ಕೆಟ್ಟು ಕುಳಿತಿತ್ತು. ಬರೆದಿಟ್ಟ ಸಾಲುಗಳೆಲ್ಲ ಒಳಗೆ ಭದ್ರವಾಗಿದ್ದವು, ಓದಿ ಹೇಳುವ ಬಾಯಿ ಇರಲಿಲ್ಲ. ಆ ಬಾಯಿಯನ್ನೇ ಅವನು ಇವತ್ತು ಕೂರಿಸಬೇಕಾಗಿದ್ದುದು.

“ಆತೇನ್ರಿ ಸರ?” ಬಾಗಿಲು ಸ್ವಲ್ಪ ತೆರೆದು ಭಾಗವ್ವ ಕೇಳಿದಳು. ಬೆಳಿಗ್ಗೆಯಿಂದ ಇದು ಐದನೆಯ ಸಲ.

“ಇಲ್ಲ ಭಾಗವ್ವಕ್ಕ, ಇನ್ನೂ ಸ್ವಲ್ಪ ಉಂಟು.”

“ಸಾವಕಾಶ ಮಾಡ್ರಿ. ಅವಸರ ಏನಿಲ್ಲ. ಖರೇ ಏನೈತಿ ಅದು ಹೊರಗ ಬಂದ್ರ ಸಾಕು.”

ಅವಸರವಿಲ್ಲವಂತೆ! ಅವಳು ಬಾಗಿಲು ಮುಚ್ಚಿದ ಮೇಲೂ ಲಕ್ಷಿತ್ ಗಾಜಿನ ಕಡೆಗೆ ನೋಡಲಿಲ್ಲ. ನೋಡಿದರೆ ಆ ದೊಡ್ಡ ಕಣ್ಣುಗಳಲ್ಲಿ ತನ್ನ ಮೇಲೆ ಇಟ್ಟ ನಂಬಿಕೆ ಕಾಣುತ್ತದೆ; ಅದನ್ನು ಕಂಡರೆ ಬಾಯಿಬಿಟ್ಟು ಹೇಳಿಬಿಡುತ್ತೇನೋ ಎಂಬ ಭಯ. ಹೇಳುವುದಾದರೂ ಏನು? ಕಳೆದ ಬುಧವಾರ ಆಯುಧಪೂಜೆ. ಅಲೆಕ್ಸಾಂಡರ್ ಸರ್ ಅತ್ತೂರಿನ ಇಗರ್ಜಿಗೆ ತಪ್ಪದೆ ಹೋಗುವವರು, ಆದರೆ ಹುಡುಗರ ಆಸೆಗೆ ಅಡ್ಡ ಬರುವವರಲ್ಲ; ಸೇವಂತಿಗೆ ಮಾಲೆ, ಬೂದುಗುಂಬಳ, ಅವಲಕ್ಕಿ ಎಲ್ಲಕ್ಕೂ ಅವರೇ ಕೈಯಿಂದ ದುಡ್ಡು ಕೊಟ್ಟಿದ್ದರು. ಪ್ರಿಂಟರಿಗೆ ಕುಂಕುಮ, ಕಾಫಿ ಯಂತ್ರಕ್ಕೆ ಕುಂಕುಮ, ಮಾಣಿಯ ಎರಡು ಕ್ಯಾಮೆರಾಗಳ ನಡುವೆ ದೊಡ್ಡದೊಂದು ಗಂಧದ ಬೊಟ್ಟು. ಪೂಜೆಗಿಟ್ಟ ಯಂತ್ರವನ್ನು ಆ ದಿನ ಓಡಿಸಬಾರದೆಂದು ಮಾಣಿಯ ಮೋಟಾರುಗಳನ್ನು ಅವನೇ ಆರಿಸಿದ್ದ. ಕಣ್ಣು ಮತ್ತು ಬರೆದಿಡುವ ಕೆಲಸ ಮಾತ್ರ ಯಾವಾಗಲೂ ನಡೆಯುತ್ತಿರುತ್ತದೆ. ಆರತಿ ಆದ ಮೇಲೆ ವಾರಿಜಾ ಮೇಡಂ ಫೋನು ಹಿಡಿದುಕೊಂಡು, “ಅದು ಕೈ ಮುಗಿಯುವ ಹಾಗೆ ಮಾಡಿ ಮಾರಾಯ್ರೆ, ಎಷ್ಟು ಚಂದ ಕಾಣ್ತದೆ!” ಎಂದರು. ಎಲ್ಲರೂ ಚಪ್ಪಾಳೆ ತಟ್ಟಿದರು. ಮೋಟಾರು ಆರಿಸಿದಾಗ ಬೆರಳುಗಳನ್ನು ಕೈಯಿಂದ ಮಡಚಬಾರದೆಂದು ಗೋಡೆಯ ಮೇಲೆ ದಪ್ಪಕ್ಷರದಲ್ಲಿ ಬರೆದು ಅಂಟಿಸಿದವನು ಲಕ್ಷಿತನೇ. ಆದರೂ ಎಲ್ಲರ ನಗುವಿನ ನಡುವೆ ಮುಂದೆ ಹೋದ. ಎಡಗೈ ಬಂತು. ಬಲಗೈಯ ಬೆರಳುಗಳು ಒಪ್ಪಲಿಲ್ಲ. ಸ್ವಲ್ಪ ಒತ್ತಿದ, ಮತ್ತೂ ಸ್ವಲ್ಪ. ಆಗ ನಡುಬೆರಳಿನೊಳಗೆ ಏನೋ ಸೋತದ್ದು ಅವನ ಬೆರಳಿಗೆ ಗೊತ್ತಾಯಿತು. ಸದ್ದು ಇಲ್ಲ, ಏನಿಲ್ಲ. ಇಷ್ಟು ಹೊತ್ತು ಎದುರು ನಿಂತದ್ದು ಇದ್ದಕ್ಕಿದ್ದಂತೆ ಸಡಿಲವಾಯಿತು, ಅಷ್ಟೇ. ಏನಿಲ್ಲ ಬಿಡು ಎಂದುಕೊಂಡ. ಫೋಟೋ ತೆಗೆದರು. ಅವನೂ ನಕ್ಕ.

ವಿಜಯದಶಮಿಯ ರಜೆ ಕಳೆದು ಶುಕ್ರವಾರ ಬೆರಳು ಮಡಚದೆ ನಿಂತಾಗ, ಯಾರು ಯಾರು ಎಂದು ಎಲ್ಲರೂ ಮುಖ ಮುಖ ನೋಡಿಕೊಂಡಾಗ, ಹೇಳಬಹುದಿತ್ತು. ‘ನಾನಿರಬೇಕು’ ಎನ್ನಲು ಅರ್ಧ ನಿಮಿಷ ಸಾಕಿತ್ತು. ಆ ಅರ್ಧ ನಿಮಿಷದಲ್ಲಿ ಅವನು ಗಂಟಲು ಸರಿಮಾಡಿಕೊಂಡ. ಅಷ್ಟರಲ್ಲಿ ಯಾರೋ, ಬೆಳಿಗ್ಗೆ ಒರೆಸಿದ್ದು ಭಾಗವ್ವ ಅಲ್ವಾ ಎಂದರು. ಎಲ್ಲರ ತಲೆಗಳೂ ಆ ಕಡೆ ತಿರುಗಿದವು, ಇವನದೂ ತಿರುಗಿತು. ತಿರುಗಿದ್ದು ನೆನಪಾದಾಗಲೆಲ್ಲ ಕತ್ತಿನ ಹಿಂದೆ ಬಿಸಿಯಾಗುತ್ತದೆ. ಥೂ. ಒಂದು ದಿನ ತಡವಾದದ್ದಕ್ಕೆ ಎರಡನೆಯ ದಿನ ಹೇಳುವುದು ಕಷ್ಟವಾಯಿತು, ಎರಡು ದಿನ ಸುಮ್ಮನಿದ್ದದ್ದಕ್ಕೆ ಮೂರನೆಯ ದಿನ ಅಸಾಧ್ಯವೇ ಆಯಿತು. ಈಗ ಉಳಿದಿರುವುದು ಈ ಸಾಫ್ಟ್‌ವೇರು ಒಂದೇ. ಅದು ಎದ್ದು ನಿಂತು ಬುಧವಾರ ಸಂಜೆಯ ಸಾಲನ್ನು ಓದಿಬಿಡಲಿ, ತನ್ನ ಬಾಯಿಂದ ಬಾರದ್ದು ಅದರ ಬಾಯಿಂದ ಬರಲಿ ಎಂದು ಅವನು ಹಾರೈಸಿದ. ಮರುಕ್ಷಣವೇ ಅರವತ್ತಮೂರಕ್ಕೆ ನಿಲ್ಲಲಿ ದೇವರೇ ಎಂದೂ ಹಾರೈಸಿದ. ನಿಂತಿತು.

“ಎಂತ ಲಕ್ಷಿತ್, ಎಲ್ಲಿಗೆ ಬಂತು?” ಅಲೆಕ್ಸಾಂಡರ್ ಸರ್ ಹಿಂದಿನಿಂದ ಬಂದು ಕುರ್ಚಿಯ ಬೆನ್ನು ಹಿಡಿದುಕೊಂಡರು.

“ಅರವತ್ತಮೂರು ಸರ್.”

“ನಿನ್ನೆಯೂ ಅರವತ್ತಮೂರೇ ಇತ್ತಲ್ಲ?”

“ಹೌದು ಸರ್.”

“ನಾಲ್ಕು ಗಂಟೆಗೆ ಭೀಮೇಶ ಬರ್ತಾನೆ, ಕಂತ್ರಾಟಿನವನು. ಅವನ ಎದುರು ಮಾಣಿಯೇ ಬಾಯಿಬಿಟ್ಟು ಹೇಳಬೇಕು ನೋಡಿ. ಗುರುವಾರ ಬೆಂಗಳೂರಿನವರು ಬಂದಾಗ ಇದನ್ನೇ ತೋರಿಸುವ. ಎಲ್ಲರ ರೋಬೋಟೂ ನೀರು ಕೊಡ್ತದೆ ಮಾರಾಯ್ರೆ, ನಡೆದದ್ದನ್ನು ಯಾವುದು ಹೇಳ್ತದೆ?” ಎಂದು ಅವನ ಭುಜ ತಟ್ಟಿ ಹೋದರು. ಒಳ್ಳೆಯ ಮನುಷ್ಯ. ಗದರಿಸುವ ಮನುಷ್ಯನಾಗಿದ್ದರೆ ಹೇಳುವುದು ಸುಲಭವಾಗುತ್ತಿತ್ತೇನೋ.

ಮಧ್ಯಾಹ್ನ ಅಮ್ಮನ ಫೋನು. “ವನಸ್ ಆಂಡಾ ಮಗಾ?” ಊಟವಾಗಿರಲಿಲ್ಲ, ಆಯಿತು ಎಂದ. ಹಿಂದೆ ಬಸ್ಸಿನ ಹಾರನ್ನು, ಮೀನು ಕೊಳ್ಳುವವರ ಚೌಕಾಸಿ. ಅವನು ಏಳನೆಯ ತರಗತಿಯಲ್ಲಿದ್ದಾಗ ಅಮ್ಮನ ಕಿವಿಯ ಬೆಂಡೋಲೆ ಒಂದು ಕಳೆದುಹೋಗಿತ್ತು. ಅಮ್ಮ ಕಳೆದದ್ದನ್ನು ಹುಡುಕಿಕೊಡುವ ದೈವ ಕೊರಗಜ್ಜನಿಗೆ ಹರಕೆ ಹೇಳಿಕೊಂಡರು, ವೀಳ್ಯದೆಲೆ ಚಕ್ಕುಲಿ ಇಡುತ್ತೇನೆಂದು. ಸಿಗುವ ಮೊದಲಿನ ಮೂರು ದಿನ ಮಾತ್ರ ಪಕ್ಕದ ಬುಟ್ಟಿಯ ಹೆಂಗಸಿನ ಜೊತೆ ಮಾತು ಬಿಟ್ಟಿದ್ದರು. ಸಿಕ್ಕಿದ್ದು ತಮ್ಮದೇ ಸೀರೆಯ ಗಂಟಿನಲ್ಲಿ. ಅಜ್ಜ ಕೊಟ್ಟ ಎಂದು ಚಕ್ಕುಲಿ ಹಂಚಿದರು, ಆ ಹೆಂಗಸಿಗೂ ಎರಡು ಕೊಟ್ಟರು. ಅವಳು ತೆಗೆದುಕೊಂಡಳು, ತಿನ್ನಲಿಲ್ಲ. ಕೈಯಲ್ಲೇ ಹಿಡಿದುಕೊಂಡು ನಿಂತಿದ್ದಳು. “ಎಂತ ಮಗಾ, ಮಾತಾಡುದಿಲ್ಲ?” ಎಂದರು ಅಮ್ಮ. ಕೆಲಸ ಉಂಟು ಎಂದು ಫೋನಿಟ್ಟ. ಗಾಜಿನ ಆಚೆ ಭಾಗವ್ವ ಬುತ್ತಿ ಬಿಚ್ಚಿ, ಅರ್ಧ ರೊಟ್ಟಿ ಮುರಿದು, ಮತ್ತೆ ಮುಚ್ಚಿಟ್ಟಳು.

ಎರಡೂವರೆಗೆ, ಯಾವ ದೇಶದವನೋ ಯಾವಾಗಲೋ ಬರೆದಿದ್ದ ಒಂದು ಮೂಲೆಯ ಸಲಹೆಯಂತೆ ಒಂದು ಸಾಲನ್ನು ಅಳಿಸಿ ಮತ್ತೆ ಓಡಿಸಿದ. ಅರವತ್ತಮೂರು ದಾಟಿತು. ಎಪ್ಪತ್ತು. ಎಂಬತ್ತೆಂಟು. ನೂರು. ಅವನಿಗೆ ನಂಬಿಕೆಯಾಗಲಿಲ್ಲ, ಇಷ್ಟು ಕಾಡಿದ್ದು ಅಷ್ಟು ಸಲೀಸಾಗಿ ಮುಗಿದದ್ದೇ ಅನುಮಾನಕ್ಕೆ ಕಾರಣವಾಯಿತು. ಮಾಣಿಯ ಧ್ವನಿಯನ್ನು ನಿಲ್ಲಿಸಿ, ಯಾರಿಗೂ ಕಾಣದಂತೆ ಪರದೆಯನ್ನು ತನ್ನ ಕಡೆ ತಿರುಗಿಸಿಕೊಂಡು ಪ್ರಶ್ನೆ ಬರೆದ. ಬುಧವಾರ ಸಂಜೆಯಿಂದ ಶುಕ್ರವಾರ ಹತ್ತರವರೆಗೆ ಬಲಗೈಯನ್ನು ಮುಟ್ಟಿದವರು ಯಾರು? ಉತ್ತರ ತಕ್ಷಣ ಬಂತು. ಶುಕ್ರವಾರ, ಎಂಟು ಹನ್ನೆರಡು, ಭಾಗವ್ವ. ಬೇರೆ ಯಾರು? ಬೇರೆ ಯಾರೂ ಇಲ್ಲ.

ಮೊದಲು ಎದೆ ಹಗುರಾಯಿತು. ಆ ಹಗುರನ್ನು ಅವನು ಆಮೇಲೆ ಎಷ್ಟು ಉಜ್ಜಿದರೂ ಕಳೆದುಕೊಳ್ಳಲಾಗಲಿಲ್ಲ. ಮೊದಲು ಬಂದದ್ದು ಅದೇ. ನಾನಲ್ಲ, ಅವಳೇ! ಆಮೇಲೆ ಅರ್ಥವಾಯಿತು. ಆಗಸ್ಟಿನಲ್ಲಿ ಮಾಣಿಗೆ ಮನುಷ್ಯರ ಗುರುತು ಹಿಡಿಯಲು ಕಲಿಸುವಾಗ ಮೂರು ವಾರ ದಿನವೂ ಯಾರಾದರೂ ಕ್ಯಾಮೆರಾದ ಮುಂದೆ ನಿಲ್ಲಬೇಕಾಗಿತ್ತು, ನೆಲದ ಮೇಲಿನ ಹಳದಿ ಪಟ್ಟಿಯ ಮೇಲೆ, ಎಡಕ್ಕೆ ತಿರುಗಿ, ಬಲಕ್ಕೆ ತಿರುಗಿ. ಹುಡುಗರಿಗೆ ಪುರುಸೊತ್ತಿರಲಿಲ್ಲ, ಸರ್‌ಗೆ ಮೀಟಿಂಗು, ವಾರಿಜಾ ಮೇಡಂಗೆ ನಾಚಿಕೆ. ನಿಂತವಳು ಭಾಗವ್ವ ಒಬ್ಬಳೇ. ಸೆರಗು ತಲೆಯ ಮೇಲೆ ಹಾಕಿಕೊಂಡು ಒಮ್ಮೆ, ತೆಗೆದು ಒಮ್ಮೆ, ಪೊರಕೆ ಹಿಡಿದು ಒಮ್ಮೆ. ಕೊನೆಗೆ ಒಂದು ಬೆಳಿಗ್ಗೆ ಮಾಣಿ ಅವಳನ್ನು ನೋಡಿ, ಭಾಗವ್ವ, ನಮಸ್ಕಾರ ಎಂದಿತು. ಉಳಿದವರನ್ನು ಆಮೇಲೆ ಸೇರಿಸಿದರಾಯಿತು ಎಂದು ಬಿಟ್ಟದ್ದು ಬಿಟ್ಟೇ ಹೋಯಿತು. ಅದಲ್ಲದೆ ಆ ದಿನಗಳಲ್ಲಿ ಮಾಣಿ ಕಂಡ ಕಂಡದ್ದನ್ನೆಲ್ಲ ಮನುಷ್ಯ ಎನ್ನುತ್ತಿತ್ತು. ಸೊಸೈಟಿಯವರು ಕೊಟ್ಟ ಕ್ಯಾಲೆಂಡರಿನ ಲಕ್ಷ್ಮಿಯನ್ನೂ ಎಣಿಸುತ್ತಿತ್ತು, ಮೊಳೆಗೆ ನೇತುಹಾಕಿದ ಮಳೆಕೋಟನ್ನೂ ಎಣಿಸುತ್ತಿತ್ತು. ಆ ಉಪದ್ರವ ತಾಳಲಾರದೆ ಲಕ್ಷಿತ್ ಒಂದು ಸಾಲು ಬರೆದಿದ್ದ: ಗುರುತು ಸಿಗದ ಮುಖವನ್ನು ಲೆಕ್ಕಕ್ಕೆ ಹಿಡಿಯಬೇಡ. ಅಂದರೆ ಮಾಣಿಯ ಲೋಕದಲ್ಲಿ ಇರುವ ಮನುಷ್ಯರು ಒಬ್ಬರೇ. ಯಾರು ಎಂದು ಏನನ್ನು ಕೇಳಿದರೂ ಅದರ ಹತ್ತಿರ ಇರುವ ಉತ್ತರ ಭಾಗವ್ವ. ಬುಧವಾರ ಸಂಜೆ ಬಲಗೈಗೆ ಬಿದ್ದ ಒತ್ತಡ ಯಾವುದೋ ಮೂಲೆಯಲ್ಲಿ ಅಂಕಿಯಾಗಿ ಬಿದ್ದಿರುತ್ತದೆ, ಮಾಡಿದವರ ಹೆಸರಿಲ್ಲದೆ. ಹೆಸರಿಲ್ಲದ್ದನ್ನು ಅದು ಹೇಳುವುದಿಲ್ಲ. ಜಾಗ ತುಂಬುತ್ತದೆಂದು ವಿಡಿಯೊ ಇಟ್ಟುಕೊಳ್ಳುವುದನ್ನೂ ಅವನೇ ನಿಲ್ಲಿಸಿದ್ದ.

ಆ ಒಂದು ಸಾಲನ್ನು ತೆಗೆದು ಸಾಫ್ಟ್‌ವೇರನ್ನು ಮತ್ತೆ ಕಟ್ಟಬೇಕು. ನಲವತ್ತು ನಿಮಿಷ. ಗಡಿಯಾರದಲ್ಲಿ ಮೂರು ಹತ್ತು. ಸಾಲನ್ನು ಹುಡುಕಿ ಅದರ ಮೇಲೆ ಕರ್ಸರ್ ಇಟ್ಟ. ತೆಗೆದರೆ ಮಾಣಿ ಹೇಳುತ್ತದೆ: ಬುಧವಾರ, ಐದು ನಲವತ್ತು, ಯಾರೋ, ಜೋರು ಒತ್ತಡ. ಆ ಯಾರೋ ಯಾರೆಂದು ವಾರಿಜಾ ಮೇಡಂ ಫೋನಿನ ಫೋಟೋ ಹೇಳುತ್ತದೆ. ಅಳಿಸುವ ಕೀ ಮೇಲೆ ಬೆರಳಿಟ್ಟುಕೊಂಡು ಅವನು ಕುಳಿತ. ಐದು ನಿಮಿಷ ಹೋಯಿತೋ ಹತ್ತು ಹೋಯಿತೋ. ಕೆಲಸ ಹೋಗುತ್ತದೆಯೆ? ಹೋಗಲಾರದು. ಬೈಗಳೇ? ಅದೂ ಅಲ್ಲ. ನಾಲ್ಕು ದಿನ ಯಾಕೆ ಸುಮ್ಮನಿದ್ದೆ ಎಂದು ಒಂದು ಪ್ರಶ್ನೆ ಬರುತ್ತದಲ್ಲ, ಆಗ ಎಲ್ಲರ ಕಣ್ಣು ಇವನ ಮೇಲೆ ನಿಲ್ಲುತ್ತದಲ್ಲ, ಅಷ್ಟಕ್ಕೆ ಜೀವ ಹೆದರುತ್ತಿತ್ತು. ಹೇಡಿ, ಎಂದು ತನ್ನನ್ನು ಬೈದುಕೊಂಡ. ಬೈದುಕೊಂಡದ್ದರಿಂದ ಏನೋ ಮಾಡಿದಷ್ಟು ಸಮಾಧಾನವಾಗಿ ಇನ್ನೂ ಎರಡು ನಿಮಿಷ ಕಳೆಯಿತು. ಕೊನೆಗೆ ಕೀ ಒತ್ತಿದ. ಸಾಲು ಹೋಯಿತು. ಕಟ್ಟಲು ಬಿಟ್ಟ. ಹನ್ನೆರಡು ಪರ್ಸೆಂಟು ಆಗುವಾಗ ಬಾಗಿಲು ತೆರೆದುಕೊಂಡಿತು. ಅಲೆಕ್ಸಾಂಡರ್ ಸರ್, ವಾರಿಜಾ ಮೇಡಂ, ಅವರ ಹಿಂದೆ ಹೆಲ್ಮೆಟ್ಟು ಕಂಕುಳಲ್ಲಿ ಇಟ್ಟುಕೊಂಡ ಭೀಮೇಶ, ಎಲ್ಲರ ಹಿಂದೆ ಭಾಗವ್ವ. “ಭೀಮೇಶನಿಗೆ ಬೇರೆ ಕಡೆ ಹೋಗ್ಲಿಕ್ಕುಂಟಂತೆ, ಬೇಗ ಬಂದಿದ್ದಾನೆ” ಎಂದರು ಸರ್.

“ಸರ್, ಇದು ಇನ್ನೂ ಆಗಲಿಲ್ಲ. ಅರ್ಧ ಗಂಟೆ ಕೊಡಿ.”

“ನೂರು ಅಂತ ಬಂದದ್ದನ್ನು ಆಗ ಗಾಜಿನಿಂದ ನಾನೇ ನೋಡಿದೆ!” ಸರ್ ನಕ್ಕರು. “ಚಂದ ಮಾಡುದು ಆಮೇಲೆ ಮಾಡಿ. ಇದ್ದದ್ದನ್ನು ಓಡಿಸಿ.”

ಅವನು ಕಟ್ಟುವುದನ್ನು ನಿಲ್ಲಿಸಿದ. ಸರ್ ಹೇಳಿದರೆಂದು ನಿಲ್ಲಿಸಿದ, ಅಷ್ಟೇ. ಬೆರಳುಗಳು ಅಭ್ಯಾಸದಿಂದ ಹೇಳಿದಂತೆ ಕೇಳಿದವು. ಹಳೆಯದು ಎದ್ದಿತು. ಅಲೆಕ್ಸಾಂಡರ್ ಸರ್ ಮಾಣಿಯ ಮುಂದೆ ನಿಂತು, ಭಾಷಣದ ಧ್ವನಿಯಲ್ಲಿ, “ನಿನ್ನ ಬಲಗೈ ಮುಟ್ಟಿದ್ದು ಯಾರು?” ಎಂದರು.

“ಭಾಗವ್ವ,” ಎಂದಿತು ಮಾಣಿ, ಅದರ ಆ ನಯವಾದ ಹೆಣ್ಣುದನಿಯಲ್ಲಿ.

“ಬೇರೆ ಯಾರಾದರೂ?”

“ಬೇರೆ ಯಾರೂ ಇಲ್ಲ.”

ಭಾಗವ್ವ ಸಿಟ್ಟಾಗುತ್ತಾಳೆ, ಶನಿವಾರದ ಹಾಗೆ ಗಟ್ಟಿದನಿ ತೆಗೆಯುತ್ತಾಳೆ, ಆಗ ಆ ದನಿಯ ಹಿಂದೆಯೇ ತಾನೂ ಮಾತಾಡಬಹುದು ಎಂದು ಲಕ್ಷಿತ್ ಕಾದ. ಅವಳು ಮಾಣಿಯನ್ನೇ ನೋಡುತ್ತಿದ್ದಳು. ತುಟಿ ಅಲುಗುತ್ತಿತ್ತು. ಏನನ್ನೋ ಹುಡುಕುವವಳ ಹಾಗೆ ಹಣೆ ಗಂಟಿಕ್ಕಿ, ಹುಡುಕಿ, ಸಿಕ್ಕಿದ ಮೇಲೆ ಮುಖ ಇಳಿಯಿತು.

“ಹೌದನ್ರಿ,” ಎಂದಳು ಮೆಲ್ಲಗೆ. “ಹೌದ್ರಿ. ಶುಕ್ರಾರ ಮುಂಜಾನೆ ಬೆರಳ ಸಂದಿಯೊಳಗ ಹೂವಿನ ದಾರ ಸಿಕ್ಕೊಂಡಿತ್ತು. ಎಷ್ಟ ಮಾಡಿದ್ರೂ ಬರಲಿಲ್ಲ. ನಾನ ಜಗ್ಗಿದೆ. ಜೋರ ಜಗ್ಗಿರಬೇಕ್ರಿ. ನಂಗ ಖಬರ ಇಲ್ಲ. ಅದು ಸುಳ್ಳ ಯಾಕ ಹೇಳೀತು, ಅದಕ್ಕ ನನ್ನ ಮ್ಯಾಲೆ ಏನ ಹಗಿ? ತಪ್ಪಾತ್ರಿ ಸಾಹೇಬ್ರ.” ಬಗ್ಗಿ ಅಲೆಕ್ಸಾಂಡರ್ ಸರ್ ಕಾಲಿಗೆ ಕೈ ಚಾಚಿದಳು, ಅವರು, “ಅಯ್ಯೋ ಎಂತ ಇದು, ಏಳಿ, ಏಳಿ” ಎಂದು ಹಿಂದೆ ಸರಿದರು.

“ಅವರಲ್ಲ ಸರ್!” ಲಕ್ಷಿತನ ದನಿ ಅವನಿಗೇ ಕೀರಲಾಗಿ ಕೇಳಿಸಿತು. “ನಾನು. ಪೂಜೆಯ ದಿವಸ ಕೈ ಮುಗಿಸಿದ್ದು ನಾನಲ್ವಾ, ಆಗಲೇ ಮುರಿದದ್ದು. ನನ್ನ ಕೈಗೆ ಗೊತ್ತಾಗಿದೆ. ಮಾಣಿಗೆ ನಮ್ಮದು ಯಾರ ಗುರುತೂ ಇಲ್ಲ ಸರ್. ಯಾರು ಅಂತ ಎಂತ ಕೇಳಿದರೂ ಅದು ಭಾಗವ್ವ ಅಂತಲೇ ಹೇಳ್ತದೆ. ಅದು ನಾನು ಬರೆದ ಸಾಲು, ನನ್ನದೇ ತಪ್ಪು.”

“ಹಾಗಾದ್ರೆ ಇಷ್ಟು ದಿವಸ ಎಂತಕ್ಕೆ ಹೇಳ್ಲಿಲ್ಲ?” ವಾರಿಜಾ ಮೇಡಂ ಕೇಳಿದರು. ಅವರ ದನಿಯಲ್ಲಿ ಸಿಟ್ಟಿರಲಿಲ್ಲ, ಬರೀ ಪ್ರಶ್ನೆ. ಅವನು ತಲೆ ತಗ್ಗಿಸಿದ. ಆ ತಗ್ಗಿದ ತಲೆಯನ್ನು ಅವರು ತಮಗೆ ತಿಳಿದ ಹಾಗೆ ಓದಿಕೊಂಡರು, ಮುಖ ಮೃದುವಾಯಿತು. “ಪಾಪ ಸರ್, ಅವಳನ್ನು ಉಳಿಸ್ಲಿಕ್ಕೆ ಹೇಳುದು ಇವರು. ಆ ಹುಡುಗಿಯ ಪರೀಕ್ಷೆ ಉಂಟಲ್ಲ, ಅದಕ್ಕೆ.”

“ಫೋಟೋ ನೋಡಿ ಸರ್, ಫೋಟೋ!” ಮೇಡಂ ಅಂದೇ ಎಲ್ಲರಿಗೂ ಕಳಿಸಿದ್ದನ್ನು ಅವನು ತನ್ನ ಫೋನಿನಲ್ಲಿ ಹುಡುಕಿ ತೋರಿಸಿದ. ಮಾಣಿ ಕೈ ಮುಗಿದು ನಿಂತಿತ್ತು, ಪಕ್ಕದಲ್ಲಿ ಇವನ ನಗು. ಅಲೆಕ್ಸಾಂಡರ್ ಸರ್ ದೊಡ್ಡದು ಮಾಡಿ ನೋಡಿದರು. “ಇದರಲ್ಲಿ ಬೆರಳು ಸರಿಯಾಗಿಯೇ ಉಂಟಲ್ಲ ಲಕ್ಷಿತ್. ಎಲ್ಲ ಬೆರಳೂ ಚಂದ ಕೂಡಿದೆ” ಎಂದು ಫೋನನ್ನು ಅವನ ಅಂಗೈಯಲ್ಲಿಟ್ಟು, ಅಂಗೈಯನ್ನು ಮುಚ್ಚಿದರು. “ನಿಮ್ಮ ಮನಸ್ಸು ನನಗೆ ಅರ್ಥ ಆಗ್ತದೆ. ಆದರೆ ಯಂತ್ರ ಒಂದು ಹೇಳಿ, ಮನುಷ್ಯರೇ ಅದನ್ನು ಒಪ್ಪಿಕೊಂಡ ಮೇಲೆ ನಾವು ಎಂತ ಮಾಡುದು?”

“ದೊಡ್ಡ ಮನಸ್ಸ್ರಿ ಸರ ನಿಮ್ದು,” ಎಂದ ಭೀಮೇಶ, ಲಕ್ಷಿತನ ಕಡೆ ತಿರುಗಿ. ಅವನ ಕಣ್ಣಲ್ಲಿ ನಿಜವಾದ ಗೌರವವಿತ್ತು. ಭಾಗವ್ವ ಹತ್ತಿರ ಬಂದು, ಇಷ್ಟು ದಿನ ಸರ ಎನ್ನುತ್ತಿದ್ದವಳು, “ಬ್ಯಾಡೋ ತಮ್ಮಾ,” ಎಂದಳು. “ನನ್ನ ಸಲವಾಗಿ ನಿನ್ನ ಹೆಸರ ಕೆಡಿಸ್ಕೋಬ್ಯಾಡ. ಮಾಡಿದಾಕಿ ನಾನು. ಇಷ್ಟಂದ್ಯಲ್ಲ, ಸಾಕು.” ಅವನು ಅಲ್ಲ, ಅಲ್ಲ ಎನ್ನುತ್ತಲೇ ಇದ್ದ. ಅಂದಷ್ಟೂ ಅವರೆಲ್ಲರ ಕಣ್ಣಿನಲ್ಲಿ ಅವನು ಒಳ್ಳೆಯವನಾಗುತ್ತ ಹೋದ. ಅದಕ್ಕಿಂತ ಹೇಸಿಗೆಯೆಂದರೆ, ಹೂವಿನ ದಾರವೂ ಇರಬಹುದಲ್ಲ ಎಂಬ ಮಾತು ಒಳಗೆಲ್ಲೋ ಸುಳಿದದ್ದು. ಅವನ ಬೆರಳಿಗೆ ಗೊತ್ತಾದದ್ದು ಬರೀ ಒಂದು ಸಡಿಲ. ಅವಳು ಜಗ್ಗಿದ್ದು ನಿಜ. ಹಾಗಿದ್ದರೂ ಇರಬಹುದು ಎಂದು ಮನಸ್ಸು ಆ ದಾರದ ತುದಿಯನ್ನು ಹಿಡಿದುಕೊಂಡುಬಿಟ್ಟಿತು, ಎಷ್ಟು ಬಿಡಿಸಿದರೂ ಬಿಡಲಿಲ್ಲ.

ನಾಲ್ಕೂಕಾಲಿಗೆಲ್ಲ ಮುಗಿದಿತ್ತು. ನಾಳೆಯಿಂದ ಬೆಳ್ಮಣ್ಣು, ಬೆಳಿಗ್ಗೆ ಏಳಕ್ಕೆ ಟೆಂಪೊ ಬರುತ್ತದೆ, ಸಾಮಾನು ಕಟ್ಟಿಟ್ಟಿರು ಎಂದ ಭೀಮೇಶ. ಹೋಗುವ ಮೊದಲು ಅಲೆಕ್ಸಾಂಡರ್ ಸರ್ ಲಕ್ಷಿತನ ಹತ್ತಿರ ಬಂದು, “ಗುರುವಾರಕ್ಕೆ ಎಲ್ಲ ಕ್ಲೀನ್ ಆಗಬೇಕು. ಹಳೆಯ ಗುರುತು ತೆಗೆದುಬಿಡಿ, ಇಲ್ಲಿ ಕೆಲಸ ಬಿಟ್ಟವರದ್ದು ಇಟ್ಟುಕೊಳ್ಳುವ ಹಾಗಿಲ್ಲ. ನಾಳೆ ನಮ್ಮೆಲ್ಲರದ್ದೂ ಹಾಕುವ. ನೀವು ಹೇಳಿದ್ದೂ ಸರಿಯೇ, ಒಬ್ಬರದ್ದೇ ಇದ್ದರೆ ಚಂದವಲ್ಲ” ಎಂದರು. ಅವನು ತಲೆಯಾಡಿಸಿದ. ತಾನು ಹೇಳಿದ್ದರಲ್ಲಿ ಇವರು ಕೇಳಿಸಿಕೊಂಡದ್ದು ಅಷ್ಟನ್ನೇ; ಉಳಿದದ್ದನ್ನು ಮತ್ತೊಮ್ಮೆ ಹೇಳಲು ಅವನಲ್ಲಿ ತ್ರಾಣವಿರಲಿಲ್ಲ. ಕುಳಿತು ಒಂದು ಸಾಲು ಬರೆದ. ನಿಜವಾಗಿ ತೆಗೆಯಬೇಕೆ ಎಂದು ಅದು ಕೇಳಿತು. ಹೌದು ಎಂದ. ಸರಿಯಾಗಿದೆಯೇ ಎಂದು ನೋಡಲು, ಮನುಷ್ಯರು ಯಾರು ಯಾರಿದ್ದಾರೆ ಎಂದು ಕೇಳಿದ. ಯಾರೂ ಇಲ್ಲ ಎಂದಿತು.

ಐದೂವರೆಗೆ ಎಲ್ಲರೂ ಹೋದ ಮೇಲೆ ಭಾಗವ್ವ ಬೀಗದ ಕೈ ಕೊಡಲು ಒಳಗೆ ಬಂದಳು. ಮೇಜಿನ ಮೇಲೆ ಗೊಂಚಲನ್ನು ಇಟ್ಟು, ಹೋಗದೆ ನಿಂತಳು. “ಒಂದ ಕೇಳಲೇನೋ ತಮ್ಮಾ? ದಿನಾ ಮುಂಜಾನೆ ಬಂದ ಕೂಡಲೇ ಅದು ನನ್ನ ಹೆಸರ ಹಿಡದ ಕರೀತಿತ್ತ. ಈ ಊರಾಗ ನನ್ನ ಹೆಸರ ಹಿಡದ ನಮಸ್ಕಾರ ಅನ್ನೂದು ಅದೊಂದ. ಇನ್ನೊಮ್ಮೆ ಕರೀಲಿ. ಕೇಳಿ ಹೋಗ್ತೇನಿ.” ಅವನು ಬೇಡ ಎನ್ನುವುದರೊಳಗೆ ಅವಳು ಹೋಗಿ ಹಳದಿ ಪಟ್ಟಿಯ ಮೇಲೆ ನಿಂತಿದ್ದಳು, ಅವನು ಕಲಿಸಿದ್ದ ಹಾಗೆಯೇ, ಸೆರಗನ್ನು ತಲೆಯಿಂದ ಜಾರಿಸಿ, ಗದ್ದ ಸ್ವಲ್ಪ ಎತ್ತಿ. ಮಾಣಿಯ ಕ್ಯಾಮೆರಾಗಳು ಮೆಲ್ಲಗೆ ಅವಳ ಕಡೆ ತಿರುಗಿದವು. ನಿಂತವು. ಮತ್ತೆ ಮೆಲ್ಲಗೆ ಬಾಗಿಲಿನ ಕಡೆ ತಿರುಗಿದವು. ಅವಳು ಎಡಕ್ಕೆ ತಿರುಗಿ ತೋರಿಸಿದಳು, ಬಲಕ್ಕೆ ತಿರುಗಿ ತೋರಿಸಿದಳು. ಲಕ್ಷಿತ್ ಎದ್ದು ನಿಂತ. “ಭಾಗವ್ವಕ್ಕ, ಅದು...” ಎಂದ.

ಭಾಗವ್ವ ಮಾಣಿಯ ಮುರಿದ ಬೆರಳನ್ನು ಎರಡು ಕೈಯಿಂದ ಹಗುರಾಗಿ ಹಿಡಿದು ಕಣ್ಣಿಗೆ ಒತ್ತಿಕೊಂಡಳು.

“ಸಿಟ್ಟ ಬಂದೈತಿ ಅದಕ್ಕ,” ಎಂದಳು. “ಬರಲಿ ಬಿಡು. ಬರೂವಂಗ ಮಾಡೇನಲ್ಲ.”

ಸೆರಗನ್ನು ತಲೆಯ ಮೇಲೆ ಎಳೆದುಕೊಂಡು, ಬುತ್ತಿಯ ಚೀಲ ಎತ್ತಿಕೊಂಡು ಅವಳು ಮೆಟ್ಟಿಲಿಳಿದಳು. ಅವನು ಕದಲದೆ ನಿಂತಿದ್ದ. ಕ್ಯಾಮೆರಾಗಳು ಅವನ ಕಡೆಗೂ ತಿರುಗಿದವು, ಒಂದು ಗಳಿಗೆ ನಿಂತವು, ಏನೂ ಹೇಳಲಿಲ್ಲ.